ಗೋಡೆಯಾಚೆಯ ಬೆಪ್ಪಾಲೆ

ಬೆಟಗೇರಿ, ಗದಗ
ಜೂನ್ ೫, ೨೦೨೫, ಗುರುವಾರ

ಪ್ರೀತಿಯ ಅಲ್ಮಾಸ ಆಪಾಗೆ,

ನಿನ್ನ ಒಬ್ಬನೇ ತಮ್ಮ ಇಲಿಯಾಸ ಬಗ್ಗಿ ಮಾಡುವ ಸಲಾಂ. ಶಿಗ್ಲಿಯಲ್ಲಿ ನೀನೂ ಭಾವನೂ ಆರಾಮ ಇದ್ದೀರಿ ಎಂದು ನಿನ್ನ ಮಗ ಅಬ್ರಾರ ಹೇಳಿದ. ನಾವೂ ಆರಾಮ. ಆರಾಮ ಕೆಡಿಸಿದ ವಿಷಯಕ್ಕೆ ಈಗ ಬರುತ್ತೇನೆ.

ಮೊದಲು ತಪ್ಪೊಪ್ಪಿಗೆ. ಹತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ, ಇದುವರೆಗೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದ ನಾನು, ಕಳೆದ ತಿಂಗಳ ಇಪ್ಪತ್ತೈದರ ಭಾನುವಾರ ಬೆಳಗ್ಗೆ ಶಿರಹಟ್ಟಿಯ ನಮ್ಮ ಖಬರಸ್ತಾನದಲ್ಲಿ ಕಳ್ಳತನ ಮಾಡಿದೆ. ಕದ್ದ ಮಾಲು ಎರಡು ಗಿಡದ ಹನ್ನೊಂದು ಎಲೆ. ಸಾಗಿಸಿದ ವಾಹನ ಎರಡು ಅಂತಸ್ತಿನ ಊಟದ ಡಬ್ಬಿ. 'ಗಿಡದ ಎಲೆ, ಹೂವು ಕೀಳಬಾರದು' ಎಂಬ ಬೋರ್ಡಿನ ಕೆಳಗೇ ನಿಂತು ಕಿತ್ತೆ. ಆ ಬೋರ್ಡಿನಲ್ಲಿದ್ದ ಕಾಗುಣಿತದ ತಪ್ಪನ್ನು ಹೋದ ವರ್ಷ ತಿದ್ದಿಕೊಟ್ಟವನೂ ನಾನೇ ಎಂಬುದು ಅಪರಾಧವನ್ನು ಇನ್ನಷ್ಟು ಗಂಭೀರವಾಗಿಸುತ್ತದೆ. ಮನೆಗೆ ಬಂದ ಮೇಲೆ ತಬಸ್ಸುಮ ಡಬ್ಬಿ ತೆರೆದು, ಇಪ್ಪತ್ತು ವರ್ಷ ನನ್ನನ್ನು ಸಹಿಸಿದ ಹೆಂಡತಿಯ ದನಿಯಲ್ಲಿ, "ಇದ್ಯಾವ ತಪ್ಪಲ ತಂದೀರಿ, ಬ್ಯಾಳ್ಯಾಗ ಹಾಕಲೇನು" ಎಂದಳು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ರಮಜಾನ್ ಈದಿನಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅವತ್ತು ಖಬರಸ್ತಾನದ ಗೋಡೆಯ ಹೊರಗೆ ನಿಂತು ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಬಾಯಿಲೆ ಹೇಳಬ್ಯಾಡ, ಬರದು ಕೊಡು. ನೀ ತಿಂಗಳಿಗೊಂದು ಹೇಳತಿ, ನಾ ಯಾವದ ನಂಬಲಿ." ಸರಿ, ಬರೆದು ಕೊಡುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಲಿಖಿತ ಹೇಳಿಕೆ ಎಂದ ಮೇಲೆ ಬುಡದಿಂದ ಶುರುವಾಗಬೇಕು. ಗಿಡದ ವಿಷಯವಾದ್ದರಿಂದ ಬುಡ ಇದ್ದೇ ಇದೆ.

ಅಮ್ಮಿ ಹೋದದ್ದು ೨೦೦೦ದ ಜುಲೈ. ಅಬ್ರಾರ ನಿನ್ನ ಹೊಟ್ಟೆಯಲ್ಲಿ ಒಂಬತ್ತು ತಿಂಗಳವನಿದ್ದ, ನಿನ್ನನ್ನು ಶಿಗ್ಲಿಯಿಂದ ಹೊರಡಿಸಲಿಲ್ಲ. ಗೋರಿಗೆ ಕಲ್ಲು ಬೇಡವೆಂದರು ಅಬ್ಬಾ. "ಮಣ್ಣಾಗ ಹೋದವ್ರಿಗೆ ಮಣ್ಣ ಸಾಕು, ಒಂದು ಗಿಡ ಹಚ್ಚು" ಎಂದರು. ನಾನು ಆಗ ಬಿ.ಎಸ್ಸಿ. ಎರಡನೇ ವರ್ಷ. ಕಾಲೇಜಿನ ವನಮಹೋತ್ಸವದಲ್ಲಿ ಪುಕ್ಕಟೆ ಹಂಚುತ್ತಿದ್ದ ಸಸಿಗಳಲ್ಲಿ ಒಂದನ್ನು ತಂದು ತಲೆಯ ಕಡೆ ನೆಟ್ಟೆ. ಪ್ಲಾಸ್ಟಿಕ್ ಚೀಲದ ಮೇಲೆ 'ಬೆಪ್ಪಾಲೆ' ಎಂದು ಚೀಟಿ ಅಂಟಿಸಿದ್ದರು. ಇಡೀ ಹಾಸ್ಟೆಲ್ಲು ನನ್ನನ್ನು ಒಂದು ತಿಂಗಳು ಬೆಪ್ಪ ಎಂದು ಕರೆದದ್ದರಿಂದ ಆ ಹೆಸರು ಮರೆಯುವ ಮಾತೇ ಇಲ್ಲ.

ನಮ್ಮೂರಲ್ಲಿ ಹೆಣ್ಣುಮಕ್ಕಳು ಖಬರಸ್ತಾನದ ಒಳಗೆ ಹೋಗುವ ಪದ್ಧತಿ ಇಲ್ಲ. ನಾಲ್ಕು ವರ್ಷ ಬಿಟ್ಟು ನೀನು ಬಂದು ಗೋಡೆಯ ಹೊರಗೆ ನಿಂತು ಯಾವುದು ಎಂದು ಕೇಳಿದೆ. ನಾನು ಬೆರಳು ಮಾಡಿ ತೋರಿಸಿದೆ. ಅವತ್ತಿನಿಂದ ಇಪ್ಪತ್ತೊಂದು ವರ್ಷ, ವರ್ಷಕ್ಕೆ ಎರಡು ಈದು, ಆ ಗಿಡವನ್ನು ನೋಡುತ್ತ ಫಾತಿಹಾ ಓದಿದ್ದೀ.

ಹೋದ ಜುಲೈಯಲ್ಲಿ ಕಮಿಟಿಯವರು ನೋಟೀಸು ಹಚ್ಚಿದರು. ಮಳೆಗಾಲದಲ್ಲಿ ಜನಾಜಾ ಹೊತ್ತವರು ಎರೆಮಣ್ಣಿನಲ್ಲಿ ಮೊಣಕಾಲವರೆಗೆ ಹುಗಿಯುತ್ತಾರೆ, ಅದಕ್ಕೆ ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಫರ್ಸಿ ಕಲ್ಲು ಹಾಸಿ ದಾರಿ ಮಾಡುತ್ತೇವೆ, ಹಳೆಯ ಮಣ್ಣಿನ ಗೋರಿಗಳ ವಾರಸುದಾರರು ಬಂದು ಗುರುತಿಸಿ ಹೆಸರು ಬರೆಸಬೇಕು, ಯಾರೂ ಗುರುತಿಸದ ಗೋರಿ ಸಮ ಮಾಡಲಾಗುವುದು ಎಂದು. ಬೇಡ ಎನ್ನಲು ಬರುವಂಥದ್ದಲ್ಲ, ಅಬ್ಬಾನ ಜನಾಜಾದಲ್ಲಿ ನಾನೇ ಒಂದು ಚಪ್ಪಲಿ ಅಲ್ಲಿ ಕಳೆದುಕೊಂಡವನು. ಹೋದೆ. ಕಮಿಟಿಯ ಕಾರ್ಯದರ್ಶಿ ರಮೀಜನ ಮುಂದೆ ನೆಟ್ಟಗೆ ನಿಂತು, ಬಾಗಿಲಿಗೆ ಹತ್ತಿರದ ಗಿಡ ತೋರಿಸಿ, ಇದು ನಮ್ಮ ಅಮ್ಮಿಯದು ಎಂದೆ.

ಪಕ್ಕದಲ್ಲೇ ಒಬ್ಬರು ಕೆಮ್ಮಿದರು. ಪೇಟೆಯಲ್ಲಿ ಹಗ್ಗದ ಅಂಗಡಿ ಇಟ್ಟಿರುವ ಉಸ್ಮಾನಸಾಬರು. "ಮಾಸ್ತರ್ರ, ಅದು ನಮ್ಮಪ್ಪಂದು" ಎಂದರು. ಅವರ ಅಪ್ಪ ಹೋದದ್ದು ಅಮ್ಮಿಗಿಂತ ಒಂದು ವರ್ಷ ಮೊದಲು. ಅವರೂ ಗಿಡ ಹಚ್ಚಿದ್ದರು, ಕಪ್ಪತಗುಡ್ಡದಿಂದ ಕಿತ್ತು ತಂದ ಕೊಡಸಿಗ. ಅಲ್ಲಿ ಹನ್ನೆರಡು ಅಡಿ ಅಂತರದಲ್ಲಿ ಎರಡು ಗೋರಿ, ಎರಡು ಗಿಡ, ಒಂದು ಬಾಗಿಲ ಕಡೆ, ಒಂದು ಹಿಂದೆ. ಬಾಗಿಲ ಕಡೆಯದು ನನ್ನದು ಎಂದು ನಾನು. ಬಾಗಿಲ ಕಡೆಯದು ನನ್ನದು ಎಂದು ಅವರು. ಹಿಂದಿನದು ಯಾರದೋ ನಮಗೆ ಗೊತ್ತಿಲ್ಲ ಎಂದು ಇಬ್ಬರೂ. ಒಂದು ಗೋರಿಗೆ ಇಬ್ಬರು ವಾರಸುದಾರರಾದರು, ಇನ್ನೊಂದಕ್ಕೆ ಯಾರೂ ಇಲ್ಲ. ದಾರಿಯ ಗೆರೆ ಎಳೆದದ್ದು ಆ ಇನ್ನೊಂದರ ಮೇಲೆಯೇ.

ಅರ್ಥವಾಯಿತಲ್ಲ ಆಪಾ. ನಮ್ಮಿಬ್ಬರಲ್ಲಿ ಯಾರು ಸುಳ್ಳೋ ಅವರ ತಂದೆಯೋ ತಾಯಿಯೋ ಫರ್ಸಿಯ ಕೆಳಗೆ ಹೋಗುವುದಿತ್ತು.

ಆಗ ನಾನು ಆಡಿದ ಮಾತು ಇದು, ಇದ್ದದ್ದು ಇದ್ದಂತೆ ಬರೆಯುತ್ತೇನೆ: "ನಾನು ಎಂ.ಎಸ್ಸಿ.ಯಲ್ಲಿ ಮೂರನೇ ರ‍್ಯಾಂಕ್. ನನಗೆ ಎಲೆ ಬೇಡ, ಹೂ ಬೇಡ, ಗಿಡದ ನೆರಳು ನೋಡಿ ಜಾತಿ ಹೇಳುತ್ತೇನೆ. ಒಂದು ವರ್ಷ ಕೊಡಿ, ಎಲ್ಲ ಋತುವಿನಲ್ಲೂ ನೋಡಿ ಇದು ಬೆಪ್ಪಾಲೆ ಎಂದು ಸಾಬೀತು ಮಾಡುತ್ತೇನೆ." ನೆರಳು ನೋಡಿ ಹೇಳುವವನಿಗೆ ಒಂದು ವರ್ಷ ಯಾಕೆ ಬೇಕು ಎಂದು ಅಲ್ಲಿ ಯಾರೂ ಕೇಳಲಿಲ್ಲ. ರಮೀಜ ಮರ್ಯಾದಸ್ಥ. "ಆತ್ರಿ ಮಾಸ್ತರ್ರ, ಫರ್ಸಿ ಬರೂದು ಹ್ಯಾಂಗೂ ಮುಂದಿನ ಬಕ್ರೀದ್ ಮುಗದ ಮ್ಯಾಲೆ. ಅಲ್ಲೀತನ ನೋಡ್ರಿ" ಎಂದ.

ನೋಡಿದೆ. ಯಾವ ದುಶ್ಮನ್‌ಗೂ ಇಂಥ ನೋಡುವ ಕೆಲಸ ಬೇಡ.

ಬೆಪ್ಪಾಲೆ, ಕೊಡಸಿಗ ಎರಡೂ ಒಂದೇ ಮನೆತನದವು, ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು. ಮಳೆಗಾಲದಲ್ಲಿ ಎರಡೂ ಹಸಿರು. ಎರಡರ ಎಲೆಯೂ ಜೋಡಿ ಜೋಡಿಯಾಗಿ ಎದುರುಬದುರು, ಎರಡನ್ನು ಮುರಿದರೂ ಬಿಳಿ ಹಾಲು. ಪುಸ್ತಕದಲ್ಲಿ ಎಲೆಯ ವ್ಯತ್ಯಾಸ ಬರೆದಿದ್ದಾರೆ, ಒಂದು ತುಸು ಅಗಲ, ಒಂದು ತುಸು ಕಿರಿದು ಎಂದು. ಬರೆದವರು ಈ ತುಸು ಎಂಬುದನ್ನು ಯಾವ ಮಾಪಿನಲ್ಲಿ ಅಳೆದರೋ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು, ಫೋಟೋ ಹಿಡಿದರೆ ಗಿಡದ ಹೆಸರು ಹೇಳುತ್ತದಂತೆ. ಬಾಗಿಲ ಕಡೆಯ ಗಿಡಕ್ಕೆ ಮಾವು ಎಂದಿತು. ಹಿಂದಿನದಕ್ಕೆ ಕಾಫಿ ಎಂದಿತು. ಮೂರನೇ ಫೋಟೋದಲ್ಲಿ ಎಲೆಯ ಪಕ್ಕ ಉಸ್ಮಾನಸಾಬರ ಹೆಬ್ಬೆರಳು ಬಿದ್ದಿತ್ತು, ಅದಕ್ಕೆ ಶುಂಠಿ ಎಂದಿತು. "ನೋಡ್ರಿ, ನನ್ನ ಗುರುತ ಮಾತ್ರ ಖರೆ ಹಿಡೀತು" ಎಂದರು ಅವರು. ಆ ಮನುಷ್ಯ ಸಿಟ್ಟಿಗೆ ಬಂದಿದ್ದರೆ ನನಗೆ ಎಷ್ಟೋ ಸುಲಭವಿತ್ತು. ಸಿಟ್ಟಿಗೆ ಬರುವುದೇ ಇಲ್ಲ. ನಾನು ಹೋದಾಗಲೆಲ್ಲ ಅಂಗಡಿ ಬಿಟ್ಟು ಬಂದು ಪಕ್ಕದಲ್ಲಿ ನಿಂತು ನೋಡುತ್ತಾರೆ, ಕ್ರಿಕೆಟ್ ನೋಡಿದ ಹಾಗೆ.

ಕಾಯಿ ಬರಲಿ, ಕಾಯೋಣ ಎಂದೆ. ಕಾಯಿಯಲ್ಲಿ ತಪ್ಪಲು ಸಾಧ್ಯವೇ ಇಲ್ಲ. ಬೆಪ್ಪಾಲೆಯ ಕಾಯಿ ಉದ್ದಕ್ಕೆ ಜೋಡಿಯಾಗಿ ಜೋತು, ಕೆಳಗೆ ತುದಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಇಕ್ಕಳದ ಹಾಗೆ. ಕೊಡಸಿಗದ್ದೂ ಜೋಡಿಯೇ, ಆದರೆ ಮಾತು ಬಿಟ್ಟ ಗಂಡ-ಹೆಂಡಿರಂತೆ ತುದಿ ಬೇರೆ ಬೇರೆ. ಡಿಸೆಂಬರಿನ ಎರಡನೇ ಶನಿವಾರ ಹೋಗುತ್ತೇನೆಂದು ಉಸ್ಮಾನಸಾಬರಿಗೂ ಹೇಳಿಟ್ಟೆ. ಹೋದರೆ ಗಿಡಗಳಿಗೆ ಕ್ಷೌರವಾಗಿದೆ. ಗೋಡೆಗೆ ಸುಣ್ಣ ಹೊಡೆಯುವವರಿಗೆ ಅಡ್ಡ ಬರುತ್ತದೆಂದು ರಮೀಜ ಎರಡೂ ಗಿಡದ ಕೊಂಬೆ ಸವರಿಸಿ, ಕಾಯಿ, ಕಸ ಎಲ್ಲ ಒಟ್ಟಿ ಬೆಂಕಿ ಹಚ್ಚಿಸಿದ್ದ. ಬೂದಿಯ ಮುಂದೆ ಕುಳಿತು ಕಡ್ಡಿಯಿಂದ ಕೆದಕಿದೆ. ಸಾಕ್ಷಿ ಸುಡುವ ಮುನ್ನ ಒಂದು ಫೋನ್ ಮಾಡಬಾರದಿತ್ತೇ ಎಂದು ಅವನನ್ನು ಬೈದೆ. "ಸ್ವಚ್ಛ ಮಾಡಾಕ ಯಾರನ್ನ ಕೇಳಬೇಕ್ರಿ" ಎಂದ. ಅದೂ ಖರೆಯೇ.

ಫೆಬ್ರುವರಿಯಲ್ಲಿ ಎಲೆಯೂ ಉದುರಿತು. ಎರಡು ಬೋಳು ಕಟ್ಟಿಗೆ ಮಣ್ಣಲ್ಲಿ ನಿಂತಿದ್ದವು. ತೊಗಟೆ ನೋಡಿ ಹೇಳುತ್ತೇನೆಂದು ತಗಾದೆ ತೆಗೆದೆ. ಕನ್ನಡಕ ಹಣೆಗೇರಿಸಿ, ಮೂಗು ಗಿಡಕ್ಕೆ ಹಚ್ಚಿ, ಅರ್ಧ ತಾಸು ನೋಡಿ, ಬಾಗಿಲ ಕಡೆಯದೇ ಬೆಪ್ಪಾಲೆ ಎಂದು ತೀರ್ಪು ಕೊಟ್ಟೆ. ಉಸ್ಮಾನಸಾಬರು ತಾವೂ ಮೂಗು ಹಚ್ಚಿ ನೋಡಿ, "ನನಗೂ ಇದ ನಮ್ಮಪ್ಪಂದ ಅಂತ ಕಾಣಾಕತ್ತೈತಿ. ನಿಮಗ ರ‍್ಯಾಂಕ್ ಐತಿ, ನನಗ ಇಲ್ಲ, ಅಷ್ಟ ಫರಕ್" ಎಂದರು.

ಆಮೇಲೆ ನೀನು ಬಂದೆ, ಮಾರ್ಚ್ ಕೊನೆಯ ದಿನ, ಈದಿಗೆ. ಗೋಡೆಯ ಹೊರಗೆ ನಿಂತು ಬೋಳು ಗಿಡ ಎರಡನ್ನೂ ನೋಡಿ, "ಇಲಿಯಾಸ, ಖರೆ ಹೇಳು, ಅದ ಹೌದಿಲ್ಲ" ಎಂದೆ. ಕಮಿಟಿಯ ಸುದ್ದಿ ಅಬ್ರಾರನಿಂದ ನಿನಗೆ ಮುಟ್ಟಿತ್ತು. ನಾನು ಹೌದು ಎಂದೆ, ಬಹುಶಃ ಎಂದೆ, ಹೂ ಬಂದ ಮೇಲೆ ಹೇಳುತ್ತೇನೆ ಎಂದೆ. ನೀನು ದುವಾಕ್ಕೆ ಎತ್ತಿದ ಕೈ ಅರ್ಧಕ್ಕೆ ಇಳಿಸಿದೆ. ಯಾರ ಕಡೆ ಮುಖ ಮಾಡಿ ಓದಲಿ ಎಂದು ಕೇಳಿ ಹಾಗೆಯೇ ಶಿಗ್ಲಿಯ ಬಸ್ ಹತ್ತಿದೆ. ನಾನು ಬೈಸಿಕೊಂಡದ್ದು ಬಹಳ ಸಲ ಇದೆ ಆಪಾ, ಆದರೆ ಆ ಕೈ ಇಳಿದದ್ದನ್ನು ನೋಡಿದ್ದು ಅದೇ ಮೊದಲು.

ಹೂವಿನ ಕಥೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ, ಬರೆದರೆ ರಕ್ತದೊತ್ತಡ ಏರುತ್ತದೆ. ಎರಡಕ್ಕೂ ಹೂ ಬಿಳಿ. ಬೆಪ್ಪಾಲೆಯ ಹೂವಿನ ನಡುವೆ ಎಳೆ ಎಳೆಯಾದ ಜಾಲರಿ ಇರುತ್ತದೆ, ಕೊಡಸಿಗದ್ದು ಬರಿ ಎಸಳು. ಹೂ ಬಿಡುವ ಹೊತ್ತಿಗೆ ಸರಿಯಾಗಿ ನನ್ನನ್ನು ಧಾರವಾಡಕ್ಕೆ ಪರೀಕ್ಷೆಯ ಪೇಪರ್ ತಿದ್ದಲು ಹಾಕಿದರು. ಕೊಡಸಿಗದ ಚಿತ್ರ ಬರೆದು ಬೆಪ್ಪಾಲೆ ಎಂದು ಹೆಸರು ಹಚ್ಚಿದ ಒಬ್ಬ ಪುಣ್ಯಾತ್ಮನಿಗೆ ಸೊನ್ನೆ ಕೊಟ್ಟೆ. ಮರಳಿ ಬಂದು ಓಡಿದರೆ ಹಿಂದಿನ ದಿನವೇ ಗಾಳಿ ಸಹಿತ ಅಡ್ಡಮಳೆ ಹೊಡೆದು ಹೂವೆಲ್ಲ ಕೆಳಗೆ. ಎರಡೂ ಗಿಡದ ಕೆಳಗೆ ಎರಡೂ ಜಾತಿಯ ಹೂ, ಕಲಸಿದ ಹಾಗೆ. ಜಾಲರಿ ಇದ್ದದ್ದೂ ಇತ್ತು, ಇಲ್ಲದ್ದೂ ಇತ್ತು. ಮೇಲೆ ತುದಿಯಲ್ಲಿ ನಾಲ್ಕಾರು ಉಳಿದಿದ್ದವು. ಗೋರಿಗಳ ನಡುವೆ ಏಣಿ ಊರಲು ರಮೀಜ ಬಿಡಲಿಲ್ಲ, ಬಿಡಬಾರದು ಕೂಡ. "ಹಗ್ಗ ಬೇಕಂದ್ರ ನಾ ಕೊಡತೀನಿ, ಏರೂದು ಮಾತ್ರ ನಿಮ್ಮ ಕೆಲಸ" ಎಂದರು ಉಸ್ಮಾನಸಾಬರು, ನನ್ನ ಹೊಟ್ಟೆಯ ಕಡೆ ನೋಡುತ್ತ.

ಇಷ್ಟಾದ ಮೇಲೆ ಉಳಿದದ್ದು ಹೊಸ ಚಿಗುರೆಲೆ ಮತ್ತು ಕಾಲೇಜಿನ ಸೂಕ್ಷ್ಮದರ್ಶಕ. ಹಾಗಾಗಿ ಮೇಲೆ ಹೇಳಿದ ಕಳ್ಳತನ.

ಸೋಮವಾರ ಪ್ರಯೋಗಾಲಯದಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದೆ. ನಮ್ಮಲ್ಲಿ ಕಸ ಹೊಡೆಯುವ ಸಾವಂತ್ರೆವ್ವ ಬಂದಳು. ಕಪ್ಪತಗುಡ್ಡದ ಕಡೆಯ ಹಿರೇವಡ್ಡಟ್ಟಿಯವಳು. ಪೊರಕೆ ಗೋಡೆಗೆ ಆನಿಸಿ ಮೇಜಿನ ಮೇಲಿನ ಎಲೆ ಎತ್ತಿ ಮೂಸಿ, "ಸರ, ಇದು ಎಣ್ಣಿ ಎಲಿ ಅಲ್ಲೇನ್ರಿ" ಎಂದಳು. ಏನು ಎಣ್ಣೆ ಎಂದೆ. "ಕಜ್ಜಿಗೆ ಹಚ್ಚತೀವಲ್ರಿ. ಕೊಬ್ಬರಿ ಎಣ್ಣ್ಯಾಗ ಎಲಿ ಹರದು ಹಾಕಿ ಬಿಸಲಾಗ ಇಟ್ರ ಮೂರ ದಿನದಾಗ ನೇರಳಿ ಹಣ್ಣಿನ ಬಣ್ಣ ಬರತೈತಿ. ಬ್ಯಾರೆ ಎಲಿ ಹಾಕಿದ್ರ ಬರಂಗಿಲ್ಲ, ಎಣ್ಣಿ ಕೆಡತೈತಿ ಅಷ್ಟ." ಯಾವ ಗಿಡದ ಎಲೆ ಎಂದೆ. "ಬೆಪ್ಪಾಲಿ. ನಿಮ್ಮ ಪುಸ್ತಕದಾಗ ಇಲ್ಲೇನ್ರಿ" ಎಂದು ಪೊರಕೆ ತೆಗೆದುಕೊಂಡು ಮುಂದಿನ ಕೋಣೆಗೆ ಹೋದಳು.

ಪುಸ್ತಕದಲ್ಲಿ ಇತ್ತು ಆಪಾ. ಕೆಳಗೆ, ಸಣ್ಣ ಅಕ್ಷರದಲ್ಲಿ, ನಾನು ಹತ್ತೊಂಬತ್ತು ವರ್ಷ ಪರೀಕ್ಷೆಗೆ ಬೇಡವೆಂದು ಬಿಡಿಸಿದ ಪ್ಯಾರಾದಲ್ಲಿ.

ಎರಡು ಗಾಜಿನ ಲೋಟ, ಎರಡರಲ್ಲೂ ಕೊಬ್ಬರಿ ಎಣ್ಣೆ, ಡಬ್ಬಿಯ ಮೇಲಿನ ಅಂತಸ್ತಿನ ಎಲೆ ಒಂದಕ್ಕೆ, ಕೆಳಗಿನದು ಒಂದಕ್ಕೆ. ಕಿಟಕಿಯ ಬಿಸಿಲಿಗೆ ಇಟ್ಟೆ. ಗುರುವಾರ ಬೆಳಗ್ಗೆ ಒಂದು ಲೋಟ ಹಾಗೆಯೇ ಇತ್ತು, ಇನ್ನೊಂದು ನೇರಳೆ. ನಾನು ಕುಣಿಯುವುದು ಬಾಕಿ. ಆಗ ನೆನಪಾಯಿತು, ಮೇಲಿನ ಅಂತಸ್ತಿನಲ್ಲಿ ಯಾವ ಗಿಡದ ಎಲೆ ಹಾಕಿದ್ದೆ ಎಂದು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಚೀಟಿ ಅಂಟಿಸದ ಮಾದರಿ ತಂದ ವಿದ್ಯಾರ್ಥಿಗಳನ್ನು ವರ್ಷಕ್ಕೆ ಹತ್ತು ಜನರನ್ನಾದರೂ ಹೊರಗೆ ನಿಲ್ಲಿಸುವವನು ನಾನು. ಅವತ್ತು ನಾನೇ ವರಾಂಡಾಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಹೀಗಾಗಿ ಎರಡನೇ ಕಳ್ಳತನ, ಇದೇ ಜೂನ್ ಒಂದು. ಈ ಸಲ ಸಿಕ್ಕಿಬಿದ್ದೆ. ಹಿಂದೆ ಕೆಮ್ಮು ಕೇಳಿಸಿತು. ಇನ್ನೇನು ಮುಚ್ಚಿಡುವುದು, ಎಣ್ಣೆಯ ವಿಷಯ ಹೇಳಿದೆ. ಉಸ್ಮಾನಸಾಬರು ಗಡ್ಡ ತುರಿಸಿಕೊಂಡು, "ನಡೀರಿ, ನಮ್ಮ ಅಂಗಡಿ ಮುಂದ ಇಡೋಣು. ನಿಮ್ಮ ಕಾಲೇಜಿನಾಗ ಇಟ್ರ ನಾ ನಂಬಂಗಿಲ್ಲ, ನಮ್ಮ ಮನ್ಯಾಗ ಇಟ್ರ ನೀವು ನಂಬಂಗಿಲ್ಲ" ಎಂದರು. ಗಿಡದ ಬುಡದಲ್ಲೇ ಎಲೆ ಕಿತ್ತು, ಅವರ ಕೈಯಿಂದಲೇ ಕಟ್ಟಿಸಿದೆ: ಬಾಗಿಲ ಕಡೆಯದಕ್ಕೆ ನಾರಿನ ಹಗ್ಗ, ಹಿಂದಿನದಕ್ಕೆ ನೀಲಿ ಪ್ಲಾಸ್ಟಿಕ್ ಹಗ್ಗ. ಎರಡು ಬಾಟಲಿಗೆ ಎಲೆ ಹಾಕಿ, ಅವೇ ಹಗ್ಗ ಬಾಟಲಿಯ ಕತ್ತಿಗೆ ಕಟ್ಟಿ, ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಇಟ್ಟರು. ಎತ್ತಿನ ಮಗಡದ ಹಗ್ಗ ಕೊಳ್ಳಲು ಬಂದವರೆಲ್ಲ ಇದೇನು ಮಾರಾಟಕ್ಕಿದೆಯೇ ಎಂದು ಕೇಳುವವರೇ. "ಮಾಸ್ತರ್ರ ರ‍್ಯಾಂಕ್ ಬಿಸಲಿಗೆ ಇಟ್ಟೀವಿ" ಎಂದು ಅವರು ಎಲ್ಲರಿಗೂ ಹೇಳಿದರು.

ನಾನು ನಾಲ್ಕು ದಿನ ಗದಗ-ಶಿರಹಟ್ಟಿ ಬಸ್ಸಿನಲ್ಲಿ ಓಡಾಡಿದೆ. ಮೋಡ ಬಂದರೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದೆ. ನಿನ್ನೆ, ಬುಧವಾರ, ಸಂಜೆ ಐದಕ್ಕೆ ಅಂಗಡಿಗೆ ಹೋದಾಗ ಅವರು ಒಳಗೆ ಕರೆಯಲಿಲ್ಲ, ಕಟ್ಟೆಯ ಕಡೆ ಕೈ ಮಾಡಿದರು.

ನಾರಿನ ಹಗ್ಗದ ಬಾಟಲಿಯಲ್ಲಿ ಎಣ್ಣೆ ಎಣ್ಣೆಯಾಗಿಯೇ ಇತ್ತು. ನೀಲಿ ಹಗ್ಗದ್ದು ನೇರಳೆಯಾಗಿತ್ತು.

ಇಲ್ಲಿಯವರೆಗೆ ಬರೆಯಲು ನಾಲ್ಕು ಹಾಳೆ ಬೇಕಾದದ್ದು ಯಾಕೆಂದು ಈಗ ನಿನಗೆ ತಿಳಿದಿರಬೇಕು. ಹಿಂದಿನ ಗಿಡ ಬೆಪ್ಪಾಲೆ. ಅಮ್ಮಿ ಇರುವುದು ಹಿಂದಿನ ಗಿಡದ ಕೆಳಗೆ. ನೀನು ಇಪ್ಪತ್ತೊಂದು ವರ್ಷ ನೋಡುತ್ತ ಓದಿದ್ದು ಕೊಡಸಿಗವನ್ನು, ಕೆಳಗೆ ಇರುವವರು ಹಗ್ಗದ ಅಂಗಡಿಯವರ ಅಪ್ಪ. ಒಂದು ವರ್ಷ ನಾನು ಹಟ ಹಿಡಿದು ನನ್ನದು ಎಂದದ್ದು ಅವರ ಗೋರಿಯನ್ನು. ನಾನು ಗೆದ್ದಿದ್ದರೆ ಬರುವ ಭಾನುವಾರ ನಮ್ಮ ಅಮ್ಮಿಯ ಮೇಲೆ ನನ್ನ ಕೈಯಾರೆ ಫರ್ಸಿ ಹಾಕಿಸುತ್ತಿದ್ದೆ. ಇದನ್ನು ತಮಾಷೆಯಾಗಿ ಬರೆಯಲು ಎರಡು ಸಲ ಪ್ರಯತ್ನಿಸಿದೆ, ಹಾಳೆ ಹರಿದೆ.

ಉಸ್ಮಾನಸಾಬರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು: "ಹಂಗಾರ ಆ ಹೆಣ್ಣಮಗಳು, ನಿಮ್ಮ ಅಕ್ಕಾರು, ಎರಡೂ ಈದಿಗೆ ಗ್ವಾಡಿ ಹೊರಗ ನಿಂತು ಅಳತಿದ್ರಲ್ಲ, ಅದು ನಮ್ಮಪ್ಪಗ ಏನ್ರಿ." ಹೌದು ಎಂದೆ. "ನಮ್ಮ ಮನ್ಯಾಗ ಅವಗ ಅಷ್ಟು ಯಾರೂ ಅತ್ತಿಲ್ರಿ" ಎಂದರು. ಆಮೇಲೆ ನಾರಿನ ಹಗ್ಗ ಬಿಚ್ಚುತ್ತ, "ಅವರು ಹೊರಗ ನಿಂತು ಓದ್ಯಾರ. ನಾ ಒಳಗ ಹೋಗಾವ. ಇನ್ನ ಮ್ಯಾಲೆ ನಿಮ್ಮ ಅಮ್ಮಾರ ಹಂತೇಕ ನಿಂತು ನಾ ಓದತೀನಿ ಅಂತ ಹೇಳ್ರಿ" ಎಂದರು. ಹೇಳಿದ್ದೇನೆ.

ಅಲ್ಲಿಂದ ನೇರವಾಗಿ ರಮೀಜನ ಕಡೆಗೆ ಹೋಗಿ ಇಬ್ಬರೂ ಹೆಸರು ಬರೆಸಿದೆವು. ದಾರಿಯ ಗೆರೆಯನ್ನು ಐದು ಅಡಿ ಸರಿಸಿದ್ದಾರೆ. ನಾನೇ ಟೇಪು ಹಿಡಿದು ನೋಡಿದ್ದೇನೆ, ಅಮ್ಮಿಯ ಕಾಲ ಬದಿಯಲ್ಲಿ ಒಂದೂವರೆ ಅಡಿ ಬಿಟ್ಟು ಫರ್ಸಿ ಬರುತ್ತದೆ. ಗೋರಿಗೆ ಕಲ್ಲು ಹಾಕಿಸಲಿಲ್ಲ, ಅಬ್ಬಾನ ಮಾತು ಇದೆ. ಗಿಡಕ್ಕೆ ಒಂದು ತಗಡಿನ ಚೀಟಿ ಕಟ್ಟಿದ್ದೇನೆ.

ಇನ್ನೊಂದು ತೊಡಕು. ನೀನು ಯಾವಾಗಲೂ ನಿಲ್ಲುವ ಜಾಗದಿಂದ ಈಗ ಹಿಂದಿನ ಗಿಡ ಕಾಣುವುದಿಲ್ಲ, ಎಲೆ ತುಂಬಿದ ಕೊಡಸಿಗ ಅಡ್ಡ ಬರುತ್ತದೆ. ಅದಕ್ಕೆ ಹಿಂದಿನ ಓಣಿ ಸುತ್ತಿ ನೋಡಿ ಬಂದೆ. ಆ ಗೋಡೆಗೆ ಹತ್ತಿಕೊಂಡೇ ಹೊಳೆಯಪ್ಪನ ಹಿಟ್ಟಿನ ಗಿರಣಿ ಇದೆ. ಅವನ ಹಿತ್ತಲಲ್ಲಿ ನಿಂತರೆ ಗೋಡೆ ಎದೆಮಟ್ಟ, ಅದರಾಚೆ ಬೆಪ್ಪಾಲೆ ಹತ್ತೇ ಹೆಜ್ಜೆ. ಕೇಳಿದೆ. "ಕೇಳೂದೇನೈತ್ರಿ, ಅಕ್ಕಾರು ಬರಲಿ. ನಾ ಅಷ್ಟೊತ್ತು ಗಿರಣಿ ಬಂದ್ ಇಡತೀನಿ, ಸಪ್ಪಳ ಆಗಬಾರದು" ಎಂದ. ಇಷ್ಟು ವರ್ಷ ನೀನು ನಿಂತದ್ದು ಐವತ್ತು ಹೆಜ್ಜೆ ದೂರ. ನಾಡಿದ್ದು ಬಕ್ರೀದ್. ನಮಾಜ್ ಮುಗಿದ ಮೇಲೆ ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಮಾತಾಡದಿದ್ದರೂ ಬಾ.

ತೋರಿಸುವಾಗ ನಾನು ತಪ್ಪಿದ್ದು ಹೇಗೆ ಎಂದು ಕೇಳುತ್ತೀ. ಗೋಡೆಯ ಓರೆಯಿಂದ ಆಪಾ. ಹೊರಗಿನಿಂದ ಒಂದು ಕೋನದಲ್ಲಿ ನೋಡಿದರೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಇದ್ದ ಹಾಗೆ ಕಾಣುತ್ತದೆ. ಇದಕ್ಕೆ ವಿಜ್ಞಾನದಲ್ಲಿ ಒಂದು ಹೆಸರಿದೆ, ಈಗ ನೆನಪಾಗುತ್ತಿಲ್ಲ. ಅಂದರೆ ಗಿಡದ ಜಾತಿಯ ವಿಷಯದಲ್ಲಿ ನಾನು ತಪ್ಪಲಿಲ್ಲ, ದಿಕ್ಕಿನ ವಿಷಯದಲ್ಲಿ ತುಸು ಜರುಗಿದೆ. ಅಮ್ಮಿಯದು ಬೆಪ್ಪಾಲೆ ಎಂದು ಮೊದಲ ದಿನದಿಂದ ಹೇಳಿದವನು ನಾನು, ಕೊನೆಗೆ ಅದನ್ನು ಸಾಬೀತು ಮಾಡಿದವನೂ ನಾನೇ. ಮೂರನೇ ರ‍್ಯಾಂಕ್ ಪುಕ್ಕಟೆ ಬಂದದ್ದಲ್ಲ.

ಭಾವನಿಗೆ ಸಲಾಂ ಹೇಳು. ಈ ಪತ್ರ ಓದಿ ಒಲೆಗೆ ಹಾಕಬೇಡ, ನೀನೇ ಬರೆದು ಕೊಡು ಎಂದದ್ದು.

ನಿನ್ನ ಕೈಯಿಂದ ಬೈಸಿಕೊಂಡೇ ದೊಡ್ಡವನಾದ ತಮ್ಮ,
ಇಲಿಯಾಸ

ಮರೆತಿದ್ದು: ಅಬ್ರಾರನ ಕೈಗೆ ಲಕೋಟೆ ಕೊಟ್ಟು, ಅವನು ಗಾಡಿ ಚಾಲೂ ಮಾಡಿದ ಮೇಲೆ ವಾಪಸ್ ಇಸಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ಗೋಡೆಯ ಓರೆ ಎಂದೆನಲ್ಲ, ಅದು ಸುಳ್ಳು. ಸಸಿ ನೆಟ್ಟು ಬಂದ ಮೇಲೆ ನಾಲ್ಕು ವರ್ಷ ನಾನು ಖಬರಸ್ತಾನದ ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲವರೆಗೆ ಹೋಗುತ್ತಿದ್ದೆ, ಒಳಗೆ ಹೋಗಲಾಗುತ್ತಿರಲಿಲ್ಲ. ನೀನು ಫೋನ್ ಮಾಡಿದಾಗ, ಗಿಡ ಆಳೆತ್ತರ ಬೆಳೆದಿದೆ, ಬಂದು ನೋಡು ಎಂದೆ. ನೋಡದೆಯೇ ಹೇಳಿದ ಮಾತು ಅದು. ನೀನು ನಿಜಕ್ಕೂ ಬಂದುಬಿಟ್ಟೆ. ಅಬ್ರಾರನನ್ನು ಕಂಕುಳಲ್ಲಿ ಎತ್ತಿಕೊಂಡು ಯಾವುದು ಎಂದು ಕೇಳಿ ಅಳತೊಡಗಿದೆ. ಒಳಗೆ ನೋಡಿದರೆ ಎರಡು ಗಿಡ. ಒಂದು ಮೈತುಂಬ ಬಿಳಿ ಹೂ ಬಿಟ್ಟಿತ್ತು, ಇನ್ನೊಂದರಲ್ಲಿ ಏನೂ ಇರಲಿಲ್ಲ. ಹೂ ಇದ್ದದ್ದನ್ನು ತೋರಿಸಿದೆ, ನೀನು ಸಮಾಧಾನ ಮಾಡಿಕೊಳ್ಳಲಿ ಎಂದು. ಅದು ಬೆಪ್ಪಾಲೆಯೋ ಕೊಡಸಿಗವೋ ನನಗೆ ಗೊತ್ತಾಗಲಿಲ್ಲ. ಎಂ.ಎಸ್ಸಿ. ಪರೀಕ್ಷೆ ಮುಗಿದು ಆಗ ಹದಿನೈದು ದಿನವಾಗಿತ್ತು.